ಎಲೆವೈದ್ಯರ ಮನೆಯ ಬಳ್ಳಿ

ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ಯಾರ ಮನೆಯ ಕುಂಡದ ಗಿಡ ಬಾಡಿದರೂ ಅದರದೊಂದು ಎಲೆ ನನ್ನ ಕಟ್ಟೆಗೆ ಬರುತ್ತದೆ. ನಾನು ಅಕ್ಕಿ ಗಿರಣಿಯ ಗುಮಾಸ್ತ; ಎಲೆವೈದ್ಯನೆಂಬ ಬಿರುದು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಸಂಪಾದಿಸಿದ್ದು. ಕೆಳಗಿನ ಹಳೆ ಎಲೆ ಹಳದಿಯಾದರೆ ಸಾರಜನಕ ಕಡಿಮೆ. ಅಂಚು ಸುಟ್ಟಂತಾದರೆ ಪೊಟ್ಯಾಷ್ ಕಡಿಮೆ. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಕಡಿಮೆ. ಇಷ್ಟು ಹೇಳಲು ನನಗೆ ಗಿಡವನ್ನೇ ನೋಡಬೇಕಾಗಿಲ್ಲ. (ಗಿಡ ಸಾಕಿದವರ ಮುಖವನ್ನೂ ನೋಡುವುದಿಲ್ಲ. ವೈದ್ಯನ ಗಮನ ಎಲೆಯ ಮೇಲಿರಬೇಕು.)

ಇಂಥ ನನ್ನ ನಡುಮನೆಯಲ್ಲೇ ರೋಗ ಕಾಣಿಸಿಕೊಂಡಿತು. ನನ್ನ ಹೆಂಡತಿ ನೀಲಾಂಬಿಕಾ ತವರಾದ ಸವಣೂರಿನ ಎಲೆತೋಟದಿಂದ ತಂದು, ಕಿಟಕಿಯ ಪಕ್ಕ ಕುಂಡದಲ್ಲಿ ಹಬ್ಬಿಸಿದ ವೀಳ್ಯದೆಲೆ ಬಳ್ಳಿ ಅದು. ಊಟವಾದ ಮೇಲೆ ಅದರದೊಂದು ಎಲೆ ಕಿತ್ತು, ಸುಣ್ಣ ಹಚ್ಚಿ, ಬೆರಳಿಗೆ ಉಳಿದ ಸುಣ್ಣವನ್ನು ಕುಂಡದ ಅಂಚಿಗೆ ಒರೆಸುವುದು ನನ್ನ ವಾಡಿಕೆ. ಆ ಬಳ್ಳಿಯ ಎಳೆ ಎಲೆಗಳು ಹಳದಿಗೆ ತಿರುಗಿದವು.

"ನಿಮ್ಮ ಕೈಗುಣ ಓಣಿಗೆಲ್ಲಾ ಐತಿ, ನಮ್ಮ ಬಳ್ಳಿಗಷ್ಟ ಇಲ್ಲ ನೋಡ್ರಿ," ಎಂದಳು ನೀಲಾಂಬಿಕಾ. "ಇದು ಒಣಗಿದ್ರ ನಮ್ಮವ್ವಗ ಏನಂತ ಹೇಳ್ಲಿ?"

"ಕಬ್ಬಿಣ ಕಡಿಮಿ ಆಗೇತಿ. ಮಣ್ಣಾಗ ಸುಣ್ಣ ಹೆಚ್ಚಾದ್ರ ಬೇರಿಗೆ ಕಬ್ಬಿಣ ಹತ್ತೂದಿಲ್ಲ."

"ಸುಣ್ಣ ಎಲ್ಲಿಂದ ಬಂತ್ರಿ?"

"ಊರ ನೀರಾಗ ಇರತೈತಿ," ಎಂದು ಕುಂಡದ ಅಂಚಿಗೆ ಬೆರಳು ಒರೆಸಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಮುನವ್ವರಾ ಕಿಟಕಿಯಲ್ಲಿ ಇಣುಕಿದಳು. "ಅಣ್ಣಾರ, ನಿಮ್ಮ ಬಳ್ಳಿಗೇ ಹಿಂಗಾದ್ರ ನಮ್ಮ ಗಿಡದ ಗತಿ ಏನ್ರಿ?"

ಮಾತು ಎದೆಗೆ ನಾಟಿತು. ಬಳ್ಳಿ ಒಣಗಿದರೆ ಬಿರುದೂ ಒಣಗುತ್ತದೆ. ಮದ್ದಿಗಾಗಿ ಅಡುಗೆಮನೆಯ ಕಪಾಟು ತಡಕಾಡಿದಾಗ ಚಹಾಪುಡಿ ಡಬ್ಬಿಯ ಹಿಂದೆ ಒಂದು ಬಾಟಲಿ ಕೆಂಪು ಗುಳಿಗೆ ಸಿಕ್ಕಿತು. ಕಬ್ಬಿಣದ ಗುಳಿಗೆ ಎಂದೇ ಬರೆದಿತ್ತು. ಮಗಳು ಪೂಜಾಳಿಗೆ ಶಾಲೆಯಲ್ಲಿ ಕೊಟ್ಟು ಉಳಿದದ್ದಿರಬೇಕು ಎಂದುಕೊಂಡೆ. ದಿನಾ ಮುಂಜಾನೆ ಒಂದನ್ನು ಕುಟ್ಟಿ, ನೀರಿನಲ್ಲಿ ಕದಡಿ, ಯಾರಿಗೂ ಹೇಳದೆ ಬಳ್ಳಿಗೆ ಎರೆದೆ. ವೈದ್ಯನಾದವನು ಮದ್ದಿನ ಗುಟ್ಟು ಬಿಟ್ಟುಕೊಡಬಾರದು.

ಹೊಸ ಚಿಗುರು ಹಚ್ಚಗೆ ಬಂತು. ಮುನವ್ವರಾಳನ್ನು ಕರೆದು ತೋರಿಸಿದೆ. ನೀಲಾಂಬಿಕಾಳನ್ನೂ ಕರೆದೆ. ಅವಳು ಗೋಡೆ ಹಿಡಿದುಕೊಂಡು ಬಂದು, ನೋಡಿ, ಅಲ್ಲೇ ಕುಳಿತುಬಿಟ್ಟಳು. ಸಂತೋಷಕ್ಕೆ ಕಾಲು ಸೋತವು ಎಂದು ತಿಳಿದೆ.

ಮರುದಿನ ರೊಟ್ಟಿ ಬಡಿಯುತ್ತಿದ್ದವಳು ಕಣ್ಣು ಕತ್ತಲೆ ಬಂದು ಒರಗಿದಳು. ಬಸ್ಸು ಹತ್ತಿಸಿ ಹಾನಗಲ್ಲಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಅವಳ ಕೆಳರೆಪ್ಪೆ ಎಳೆದು ನೋಡಿದರು.

"ರಕ್ತ ಮತ್ತಷ್ಟು ಇಳದೈತಿ. ಹೋದ ಸಲ ಗುಳಗಿ ಕೊಟ್ಟಿದ್ನಲ್ಲಾ, ತಗೊಂಡಿಲ್ಲೇನವ್ವ?"

(ಹೋದ ಸಲ ಬಂದದ್ದನ್ನು ನನಗೆ ಹೇಳಿದ್ದಳಂತೆ. ನಾನು ಆಗ ವಿಡಿಯೋ ನೋಡುತ್ತಿದ್ದೆನಂತೆ.)

"ಮೊದಲ ತಗೊಂಡ್ನಿರಿ," ಎಂದಳು ನೀಲಾಂಬಿಕಾ. "ಆಮ್ಯಾಲ ಬಾಟಲಿ ಲಗೂನ ಖಾಲಿ ಆಗಾಕತ್ತು. ಇವ್ರೂ ತಗೊಳ್ಳಾಕತ್ತಾರ, ತ್ರಾಣ ಇಲ್ಲ ಅಂತ ಹೇಳಾಕ ನಾಚಿಕಿ ಇರಬೇಕು ಅಂತ ತಿಳದು, ಇವ್ರಿಗೇ ಇರ್ಲಿ ಅಂತ ಬಿಟ್ನಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೀವ್ಯಾಕ ತಿಂದ್ರಿ?"

"ನಾ ತಿಂದಿಲ್ರಿ. ಬಳ್ಳಿಗೆ ಹಾಕೇನಿ."

"ಯಾವ ಬಳ್ಳಿ?"

"ಎಲಿಬಳ್ಳಿರಿ."

ಅವರು ಪೆನ್ನು ಕೆಳಗಿಟ್ಟರು. ನೀಲಾಂಬಿಕಾ ನನ್ನನ್ನೇ ನೋಡುತ್ತಿದ್ದಳು. ಆಗ ನಾನೂ ಅವಳ ಮುಖ ನೋಡಿದೆ. ತುಟಿ, ಕೆನ್ನೆ, ಉಗುರು, ಎಲ್ಲ ಬಿಳಿಚಿಕೊಂಡಿದ್ದವು. ಓಣಿಯ ಎಲೆಗಳನ್ನೆಲ್ಲ ಓದಿದವನಿಗೆ ದಿನಾ ಎದುರು ಕುಳಿತು ರೊಟ್ಟಿ ನೀಡುವವಳ ಮುಖ ಓದಲು ಬಂದಿರಲಿಲ್ಲ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡು, ಧೂಳು ಎಂದೆ.

ಮನೆಗೆ ಬಂದವಳೇ ಹೊಸ ಗುಳಿಗೆ ನುಂಗಿ, ಬಳ್ಳಿಯ ಮುಂದೆ ಕುಳಿತು, ಎಲ್ಲಕ್ಕಿಂತ ಹಸಿರಾದ ಎಲೆಯನ್ನೇ ಕಿತ್ತಳು.

"ಈಗ ಚಿಗತೈತಿ ಅದು," ಎಂದೆ ಮೆತ್ತಗೆ.

"ಚಿಗೀಲೇಳ್ರಿ. ನನ್ನ ಗುಳಗಿ ಇದರಾಗ ಅದಾವು." ಎಲೆಯನ್ನೂ ಸುಣ್ಣದ ಡಬ್ಬಿಯನ್ನೂ ನನ್ನ ಕೈಗಿಟ್ಟಳು. "ಬೆಣ್ಣಿ ಬಳ್ಳಿಗೆ ಹೋತು, ನನ್ನ ಪಾಲಿಗೆ ಸುಣ್ಣ. ಹಚ್ಚಿ ಕೊಡ್ರಿ."

ಹಚ್ಚಿ ಕೊಟ್ಟೆ. ಬೆರಳು ಒರೆಸಲು ಕೈ ತನ್ನಷ್ಟಕ್ಕೆ ಕುಂಡದ ಕಡೆ ಹೋಯಿತು.

"ಅಲ್ಲೆ ಬ್ಯಾಡ್ರಿ," ಎಂದಳು ಎಲೆ ಅಗಿಯುತ್ತಾ. "ಆ ಸುಣ್ಣ ಯಾವ ಊರ ನೀರಿಂದು ಅಂತ ನನಗ ಮೊದಲ ಗೊತ್ತಿತ್ತು."

ಅಂಗಿಗೆ ಒರೆಸಿಕೊಂಡೆ.