ಬಿಸಿಲಿಗೆ ಹಿಡಿದ ರವಿಕೆ ಪೀಸು

ನೀವು ಈಗ ಉಟ್ಟಿರುವ ಸೀರೆಗೂ ತೊಟ್ಟಿರುವ ರವಿಕೆಗೂ ಬಣ್ಣ ಕೂಡಿದೆಯೇ? ಕೂಡಿದೆ ಎಂದು ಅಷ್ಟು ಧೈರ್ಯವಾಗಿ ಹೇಳಬೇಡಿ. ಎದ್ದು ಹೊರಗೆ ಹೋಗಿ, ಬಿಸಿಲಲ್ಲಿ ನಿಂತು, ಭುಜದ ಹತ್ತಿರ ಎರಡನ್ನೂ ಸೇರಿಸಿ ನೋಡಿ. ಆಮೇಲೆ ಬಂದು ಮುಂದೆ ಓದಿ, ನಾನು ಕಾಯುತ್ತೇನೆ. ಓದುತ್ತಿರುವವರು ಗಂಡಸರಾಗಿದ್ದರೆ ಮನೆಯಾಕೆಯನ್ನು ಕಳಿಸಿ. ಯಾಕೆ ಎಂದು ಮಾತ್ರ ಹೇಳಬೇಡಿ; ಮುಂದಿನ ಜಗಳಕ್ಕೆ ನಾನು ಜವಾಬ್ದಾರಳಲ್ಲ.

ಇದನ್ನು ನಾನೇ ಫೋನಿನಲ್ಲಿ ಕುಟ್ಟುತ್ತಿದ್ದೇನೆ. ಮೊಮ್ಮಗಳು ಹೋದ ತಿಂಗಳು ಕಲಿಸಿಕೊಟ್ಟಳು. ಈ ಫೋನಿನ ಬುದ್ಧಿ ಥೇಟು ಹಿಂದೆ ನನ್ನ ಅಂಗಡಿಯ ಎದುರಿಗಿದ್ದ ಬಟ್ಟೆ ವ್ಯಾಪಾರಿಯದು. ನಾನು ಒಂದು ಅಕ್ಷರ ಒತ್ತುವುದರೊಳಗೆ ಮೂರು ಪದ ತಂದು ಮುಂದೆ ಹರಡುತ್ತದೆ, ‘ಇದು ತಗೊಳ್ಳಿ, ಇದು ಚೆನ್ನಾಗಿದೆ’ ಎನ್ನುವ ಹಾಗೆ. ನನಗೆ ಬೇಕಾದದ್ದು ಆ ಮೂರರಲ್ಲಿ ಇರುವುದಿಲ್ಲ. ನಾನೂ ಬಿಡುವವಳಲ್ಲ, ನನ್ನ ಪದ ಸಿಗುವ ತನಕ ಹುಡುಕುತ್ತೇನೆ. ಹುಡುಕುವುದೇ ನನ್ನ ಕಸುಬಾಗಿತ್ತು ನೋಡಿ. ತೊಂಬತ್ತರ ದಶಕದಲ್ಲಿ ಚಳ್ಳಕೆರೆಯಲ್ಲಿ ನಾನು ರವಿಕೆ ಪೀಸಿನ ಮ್ಯಾಚಿಂಗ್ ಸೆಂಟರ್ ಇಟ್ಟಿದ್ದೆ.

ಅಂಗಡಿ ಇಟ್ಟ ಕಾರಣ ಹೇಳಿದರೆ ನಗುತ್ತೀರಿ. ನನ್ನ ಮದುವೆಯ ದಿನ ನನಗೆ ಉಡಿಸಿದ್ದು ಈರುಳ್ಳಿ ಸಿಪ್ಪೆ ಬಣ್ಣದ ಸೀರೆ, ತೊಡಿಸಿದ್ದು ಇಟ್ಟಿಗೆ ಬಣ್ಣದ ರವಿಕೆ. ನಮ್ಮತ್ತೆಯ ಅಕ್ಕ ಎಲ್ಲರ ಎದುರಿಗೇ, “ಏನೇ, ಮೈ ಒಬ್ಬಳದು, ಕೈ ಒಬ್ಬಳದು ಆದಂಗೈತಲ್ಲ!” ಎಂದುಬಿಟ್ಟರು. ಫೋಟೋ ಕಪ್ಪು ಬಿಳುಪಾದ್ದರಿಂದ ಮಾನ ಉಳಿಯಿತು. ಆದರೆ ಆ ಮಾತು ಒಳಗೇ ಕೂತಿತ್ತು. ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ, ಈ ತಾಲ್ಲೂಕಿನ ಯಾವ ಹೆಣ್ಣಿಗೂ ಆ ಮಾತು ಬರಬಾರದು ಎಂದು ಹಟ ಹಿಡಿದು ಅಂಗಡಿ ಇಟ್ಟೆ. ನಮ್ಮ ಯಜಮಾನರದು ಲಾರಿ ರಿಪೇರಿ ಗ್ಯಾರೇಜು. ಅದರ ಪಕ್ಕದ ಕೋಣೆಗೂ ಅವರೇ ಬಾಡಿಗೆ ಕಟ್ಟುತ್ತಿದ್ದರು, ಅದನ್ನು ನನಗೆ ಬಿಟ್ಟುಕೊಟ್ಟರು. ರೇಷ್ಮೆ ಸೀರೆ ಹಿಡಿದು ಬಂದ ಹೆಂಗಸರು ಟೈರು ದಾಟಿ, ಗ್ರೀಸು ತಪ್ಪಿಸಿ, ನೆರಿಗೆ ಎತ್ತಿಕೊಂಡು ನನ್ನ ಹತ್ತಿರ ಬರಬೇಕಿತ್ತು. ಆದರೂ ಬರುತ್ತಿದ್ದರು.

ನನ್ನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಯಾವ ಪೀಸನ್ನೂ ಒಳಗಿನ ಬೆಳಕಲ್ಲಿ ನೋಡಿ ಕತ್ತರಿಸುವಂತಿಲ್ಲ. ಮೆಟ್ಟಿಲ ಮೇಲೆ ಒಂದು ಸ್ಟೂಲು ಹಾಕಿದ್ದೆ. ಗಿರಾಕಿ ಸೀರೆ ಸಮೇತ ಅಲ್ಲಿಗೆ ಬಂದು ಬಿಸಿಲಿಗೆ ಹಿಡಿದು ನೋಡಬೇಕು. ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ, ಬಿಸಿಲು ಹೇಳುವುದಿಲ್ಲ. ಅದೂ ಅಲ್ಲದೆ ಚಳ್ಳಕೆರೆಯಲ್ಲಿ ಬಾಡಿಗೆ ಇಲ್ಲದೆ ಸಿಗುವುದು ಅದೊಂದೇ. ಬಣ್ಣ ಕೂಡಲಿಲ್ಲ ಅಂದರೆ ನಾನು ಕೊಡುತ್ತಿರಲಿಲ್ಲ. “ಇರ್ಲಿ ಬಿಡ್ರಿ ಬೂಬಮ್ಮ, ಯಾರು ನೋಡ್ತಾರೆ, ಕೊಡ್ರಿ” ಎಂದು ಗೋಗರೆದರೂ ಕೊಡುತ್ತಿರಲಿಲ್ಲ. “ಎದುರಂಗಡೀಲಿ ಈ ಬಣ್ಣ ಐತೆ, ಹೋಗಿ ತಗೊಳ್ರಿ” ಎಂದು ನಾನೇ ಬೆರಳು ಮಾಡಿ ತೋರಿಸಿದ್ದೂ ಉಂಟು. ಅದನ್ನೊಮ್ಮೆ ನಮ್ಮ ಯಜಮಾನರು ಲಾರಿಯ ಅಡಿಯಲ್ಲಿ ಮಲಗಿಕೊಂಡೇ ಕೇಳಿಸಿಕೊಂಡರು. ಏಳಲು ಹೋಗಿ ತಲೆಗೆ ಕಬ್ಬಿಣ ಬಡಿಸಿಕೊಂಡರು.

ಮನೆಯಲ್ಲಿ ನಮ್ಮದು ಉರ್ದು. ಜಗಳಕ್ಕೆ ಮಾತ್ರ ಕನ್ನಡ. ಕನ್ನಡದಲ್ಲಾದರೆ ಅಕ್ಕಪಕ್ಕದವರಿಗೂ ತಿಳಿದು ನ್ಯಾಯ ಬೇಗ ತೀರ್ಮಾನವಾಗುತ್ತದೆ. ಅವತ್ತು ಅವರು ಹಣೆ ಉಜ್ಜಿಕೊಳ್ಳುತ್ತಾ ಬಂದು ಕನ್ನಡದಲ್ಲೇ ಶುರು ಮಾಡಿದರು. “ಅಂಗಡಿ ಇಟ್ಟಿದೀಯೋ, ಗಂಡು ಹೆಣ್ಣು ಕೂಡಿಸ್ತಾ ಇದೀಯೋ? ಜಾತಕ ನೋಡೋ ಅಯ್ಯನೋರೂ ಇಷ್ಟು ನೋಡಲ್ಲ ಕಣೇ! ಧಂದಾ ಅಂದ್ರೆ ಧಂದಾ. ಬಂದೋರಿಗೆ ಕೊಡು, ದುಡ್ಡು ತಗೋ, ಮುಗೀತು.”

“ಅಜೀ, ಬ್ರೇಕ್ ಸರಿ ಹೋಗದ ಲಾರೀನ ನೀವು ‘ಮುಗೀತು’ ಅಂತ ಕಳಿಸ್ತೀರಾ?” ಎಂದೆ.

“ಬ್ರೇಕ್ ಹೋದ್ರೆ ಜನ ಸಾಯ್ತಾರೆ. ರವಿಕೆ ಬಣ್ಣ ತಪ್ಪಿದ್ರೆ ಯಾರು ಸಾಯ್ತಾರೆ?”

‘ನಾನು ಸತ್ತಿದ್ದೆ, ನಮ್ಮ ಮದುವೆ ದಿನ’ ಎನ್ನಬೇಕೆಂದಿದ್ದೆ. ಆದರೆ ಅವರಿಗೆ ಅವತ್ತಿನ ರವಿಕೆಯ ಬಣ್ಣ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದೆಂದು ನುಂಗಿಕೊಂಡೆ. ಅವರು ತೀರ್ಪು ಕೊಟ್ಟೇಬಿಟ್ಟರು. ರಂಜಾನ್ ಹಬ್ಬದೊಳಗೆ ಅಂಗಡಿ ತನ್ನ ಬಾಡಿಗೆ ತಾನೇ ಹುಟ್ಟಿಸಿಕೊಳ್ಳದಿದ್ದರೆ ಆ ಕೋಣೆಗೆ ಹಳೇ ಟೈರು ತುಂಬುತ್ತೇನೆ ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಎದುರಂಗಡಿಯಲ್ಲಿ ಕೆಲಸದವರಿಗೆ ಕಮಿಷನ್ ಕೊಡುತ್ತಾರಂತೆ, ಅದಕ್ಕೇ ಅಲ್ಲಿ ಜನ ಜಾತ್ರೆಯಂತೆ. ಹಾಗಾಗಿ ನಮ್ಮ ಅಂಗಡಿಯಲ್ಲಿ ಕೆಲಸಕ್ಕಿದ್ದ ತಿಪ್ಪಮ್ಮನಿಗೂ ಮೀಟರಿಗೆ ಇಷ್ಟು ಎಂದು ಗೊತ್ತು ಮಾಡಿದರು.

ತಿಪ್ಪಮ್ಮ ನನ್ನ ಓರಗೆಯವಳು, ಹತ್ತಿರದ ನನ್ನಿವಾಳ ಎಂಬ ಊರಿನವಳು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಸಂಬಳಕ್ಕಿದ್ದಾಗ ಆಕೆಯಂಥ ನಿಧಾನಸ್ಥೆ ಇರಲಿಲ್ಲ. ಗಿರಾಕಿಯ ಜೊತೆ ಮೆಟ್ಟಿಲ ಮೇಲೆ ಕೂತು, ಹತ್ತು ಥಾನು ಬಟ್ಟೆ ಹರಡಿ, ಅವರ ಮನೆಯ ಎಮ್ಮೆ ಕರು ಹಾಕಿದ ಸುದ್ದಿ ಕೇಳಿ, ಕೊನೆಗೆ ಬಣ್ಣ ಕೂಡಿಸಿಯೇ ಕಳಿಸುತ್ತಿದ್ದಳು. ಕಮಿಷನ್ ಅಂದದ್ದೇ ತಡ, ತಿಪ್ಪಮ್ಮನ ಮೈಮೇಲೆ ಯಾವುದೋ ದೇವರು ಬಂತು. ಮೊದಲ ದಿನವೇ ಸ್ಟೂಲನ್ನು ಒಳಗಿಟ್ಟಳು. “ಬಿಸ್ಲಾಗೆ ಯಾಕೆ ಒಣಗ್ತೀರವ್ವ, ಒಳಗ್ ಬರ್ರಿ” ಎಂದು ಟ್ಯೂಬ್‌ಲೈಟಿನಡಿ ಕೂರಿಸಿ, ಗಿಳಿ ಹಸಿರಿಗೆ ಎಲೆ ಹಸಿರು, ಬದನೆಕಾಯಿ ಬಣ್ಣಕ್ಕೆ ನೇರಳೆ, ಹರ‍್ರನೆ ಹರಿದು ಕೊಟ್ಟು ಕಳಿಸಿದಳು. ಮದುವೆಯಾಗುವ ಹುಡುಗಿಗೆ ಪೀಸು ಕೊಳ್ಳಲು ಬಂದ ಯಾರಾದರೂ ‘ಸ್ವಲ್ಪ ಬೇರೆ ಕಾಣ್ತೈತಲ್ಲ’ ಎಂದರೆ, “ಹೊಲಿದ ಮ್ಯಾಲೆ ಒಂದಾಗ್ತಾವೆ. ಗಂಡ ಹೆಂಡ್ತಿನೂ ಅಂಗೇ ಅಲ್ಲೇನವ್ವ?” ಎನ್ನುವಳು. ಆ ಮಾತಿಗೆ ಎಂಥವರೂ ದುಡ್ಡು ತೆಗೆಯಬೇಕು. ವ್ಯಾಪಾರ ಏರಿತು. ಯಜಮಾನರು ಗ್ರೀಸು ಕೈಯಲ್ಲೇ ಮೀಸೆ ತಿರುವಿದರು. ನನಗೆ ಮಾತ್ರ ಊಟ ಸೇರದು. ಬೀದಿಯಲ್ಲಿ ಹೊಸ ರವಿಕೆ ಕಂಡರೆ ಮುಖ ಮರೆಸಿಕೊಂಡು ಗಲ್ಲಿ ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ನಮಾಜು ಊಟ ಮುಗಿಸಿ ಬಂದರೆ ತಿಪ್ಪಮ್ಮ ಹಿಗ್ಗಿ ಹೀರೇಕಾಯಿ ಆಗಿದ್ದಳು. ಮೊಳಕಾಲ್ಮೂರಿನ ನೇಕಾರರ ಮನೆಯ ಓಬಕ್ಕ ಬಂದು ಹೋದಳಂತೆ. ಮಗಳ ಮದುವೆಗೆ ಅವರ ಮಗ್ಗದಲ್ಲೇ ನೇಯ್ದ ಸೀರೆ. ನವಿಲು ಕತ್ತಿನ ಬಣ್ಣ. “ಅದಕ್ಕೆ ಯಾವುದು ಕೊಟ್ಟೆ?” ಎಂದೆ. “ಹಸಿರು! ಲೈಟಿನಾಗೆ ಇಟ್ಟು ನೋಡಿದ್ವಿ, ಒಂದೇ ಅಂದ್ರೆ ಒಂದೇ!” ಎಂದಳು.

ನವಿಲು ಕತ್ತಿನ ಸೀರೆಗೆ ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು. ಮಂಕು ಬೆಳಕಲ್ಲಿ ಹಸಿರು ಕಾಣುತ್ತದೆ, ಬಿಸಿಲಿಗೆ ಬಂದರೆ ನೀಲಿಯಾಗಿ ಉರಿಯುತ್ತದೆ. ಮದುವೆ ಇರುವುದು ಮನೆ ಮುಂದಿನ ಚಪ್ಪರದಲ್ಲಿ, ನಡು ಬಿಸಿಲಲ್ಲಿ. ಆ ಚಪ್ಪರದಲ್ಲೂ ಯಾರದೋ ಅತ್ತೆಯ ಅಕ್ಕ ಇದ್ದೇ ಇರುತ್ತಾಳೆ.

ಮಾರನೇ ದಿನ ನಾಲ್ಕು ನೀಲಿ ಪೀಸು ಚೀಲಕ್ಕೆ ಹಾಕಿಕೊಂಡು ಬುರ್ಖಾ ತೊಟ್ಟೆ. ಯಜಮಾನರು ಗ್ಯಾರೇಜಿನ ಬಾಗಿಲಿಗೇ ಅಡ್ಡ ನಿಂತರು. “ಪೀಸಿನ ಲಾಭಕ್ಕಿಂತ ಬಸ್ ಚಾರ್ಜೇ ಜಾಸ್ತಿ ಆಗ್ತೈತೆ. ಇದು ಧಂದಾನೋ, ಹುಚ್ಚೋ?”

“ಹುಚ್ಚೇ ಅಂದ್ಕೊಳ್ರಿ. ದಾರಿ ಬಿಡ್ರಿ, ಬಸ್ ಬಂತು.”

ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದು ಕೇಳಿಕೊಂಡು ಓಬಕ್ಕನ ಮನೆ ಹುಡುಕಿದೆ. ಆಕೆ ನನ್ನನ್ನು ನೋಡಿ ಗಾಬರಿಯಾಗಿ, “ಏಮಮ್ಮಾ ಬೂಬಮ್ಮಾ! ದುಡ್ಡೇನಾದ್ರೂ ಕಮ್ಮಿ ಕೊಟ್ಟು ಬಂದ್ನಾ?” ಎಂದಳು. ಇಲ್ಲ, ಬಣ್ಣ ತಪ್ಪಿ ಕೊಟ್ಟಿದ್ದೇವೆ, ಬದಲಾಯಿಸಲು ಬಂದೆ ಎಂದೆ. ಆಕೆಗೆ ನಂಬಿಕೆ ಬರಲಿಲ್ಲ. “ಬಣ್ಣ ಬದಲಾಯಿಸಾಕೆ ಚಳ್ಳಕೆರೆಯಿಂದ ಬಸ್ ಹತ್ತಿ ಯಾರಾದ್ರೂ ಬರ್ತಾರಾ? ಖರೆ ಹೇಳು, ಏನು ಸಮಾಚಾರ?” ಎಂದು ಮತ್ತೆ ಕೇಳಿದಳು. ಪುಣ್ಯಕ್ಕೆ ಹಸಿರು ಪೀಸು ಇನ್ನೂ ಹೊಲಿಯಲು ಹೋಗಿರಲಿಲ್ಲ. ಸೀರೆ ತರಿಸಿ, ಬೀದಿಗೆ ಬಂದು, ಬಿಸಿಲಿಗೆ ಹಿಡಿದು ಹಸಿರನ್ನು ಪಕ್ಕಕ್ಕಿಟ್ಟೆ. ಓಬಕ್ಕ “ಅಯ್ಯೋ ರಾಮಾ!” ಎಂದು ಬಾಯಿ ಮೇಲೆ ಕೈ ಇಟ್ಟಳು. ನನ್ನ ಮೂರನೇ ನೀಲಿಯನ್ನು ಇಟ್ಟದ್ದೇ ತಡ, ಸೀರೆ ಎಲ್ಲಿ ಮುಗಿಯಿತು, ಪೀಸು ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಒಳಗೆ ಮಗ್ಗದ ಸದ್ದು ನಿಂತಿತು. ಸೀರೆ ನೇಯ್ದ ಆಕೆಯ ಗಂಡ ಹೊರಗೆ ಬಂದು, ಎರಡನ್ನೂ ಉಗುರಲ್ಲಿ ಸವರಿ, “ನಾನೇ ನೇಯ್ದಂಗೈತೆ” ಎಂದ. ಅಷ್ಟು ದೊಡ್ಡ ಬಿರುದು ನನಗೆ ಇನ್ನಾರೂ ಕೊಟ್ಟಿಲ್ಲ.

ಅಷ್ಟರಲ್ಲಿ ಆ ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಸೀರೆ ರವಿಕೆ ತಂದು ಬಿಸಿಲಿಗೆ ಹಿಡಿದು ನಿಂತಿದ್ದರು. ಒಬ್ಬೊಬ್ಬರಿಗೂ ತಮ್ಮ ಟೈಲರನ ಮೇಲೆ, ಗಂಡನ ಮೇಲೆ, ಪೀಸು ಕೊಟ್ಟ ಅಂಗಡಿಯ ಮೇಲೆ ಅನುಮಾನ. ನಾನು ಊರು ಬಿಡುವಾಗ ಅರ್ಧ ಬೀದಿ ಮುನಿಸಿಕೊಂಡಿತ್ತು. ಆದರೆ ಮದುವೆ ಕಾಲ ಬಂತು ನೋಡಿ, ಆ ಅರ್ಧ ಬೀದಿಯೂ ಉಳಿದರ್ಧವೂ ಬಸ್ ಹತ್ತಿ ನನ್ನ ಮೆಟ್ಟಿಲಿಗೇ ಬಂದವು. ಟೈರಿನ ಗುಡ್ಡೆ ದಾಟಿ ಬಂದವರಿಗೆ ಸ್ಟೂಲು ಸಾಲದೆ, ಯಜಮಾನರೇ ಎರಡು ಹಳೇ ಟೈರು ಮಗುಚಿ ಹಾಕಿ ಕೂರಿಸಿದರು. ಹೀಗೆ ಕೋಣೆಗೆ ಟೈರು ಬರುವ ಬದಲು ಗಿರಾಕಿಗಳು ಟೈರಿನ ಮೇಲೆ ಬಂದು ಕೂತರು. ರಂಜಾನ್ ಹಬ್ಬದ ಹೊತ್ತಿಗೆ ಅಂಗಡಿ ತನ್ನ ಬಾಡಿಗೆ ಕಟ್ಟಿ, ನನಗೂ ಒಂದು ಸೀರೆ ಕೊಡಿಸಿತು. ರವಿಕೆ ಸಮೇತ.

ತಿಪ್ಪಮ್ಮನೂ ಒಂದು ದಿನ ಸ್ಟೂಲನ್ನು ತಾನೇ ಎತ್ತಿ ಮೆಟ್ಟಿಲಿಗೆ ಹಾಕಿದಳು. ಆಕೆಗೆ ಜ್ಞಾನೋದಯವಾಯಿತು ಎಂದುಕೊಂಡು ನನ್ನ ಕಣ್ಣಲ್ಲಿ ನೀರು ಬಂತು. ಆಕೆ ಹೇಳಿದ್ದು ಬೇರೆ. “ಆ ಕಮಿಷನ್ ಬ್ಯಾಡ್ರಿ ಬೂಬಮ್ಮ. ಅದು ಬಂದಾಗಿನಿಂದ ಯಾರ ಮನೆ ಸುದ್ದೀನೂ ಪೂರ್ತಿ ಕೇಳಾಕೆ ಆಗಿಲ್ಲ. ಸಂಬಳಾನೇ ಒಂಚೂರು ಜಾಸ್ತಿ ಮಾಡ್ರಿ.” ಮಾಡಿದೆ.

ಈಗ ಕಾಂಟ್ರಾಸ್ಟ್ ಎಂಬ ಫ್ಯಾಷನ್ ಬಂದು, ಬಣ್ಣ ಕೂಡದಿರುವುದೇ ಚೆಂದ ಎನ್ನುತ್ತಾರೆ. ಹಾಗಾದರೆ ನನ್ನ ಮದುವೆಯ ದಿನ ನಾನು ಕಾಲಕ್ಕಿಂತ ಮುಂದಿದ್ದೆ ಎಂದಾಯಿತು! ಅಂಗಡಿ ಮುಚ್ಚಿ ವರ್ಷಗಳಾದವು. ಆದರೂ ಮನೆಗೆ ಯಾರೇ ಬರಲಿ, ಚಹಾ ಆರುವುದರೊಳಗೆ ನಾನು ಮಾತಿನಲ್ಲೇ ಮೊಳಕಾಲ್ಮೂರಿನ ಬಸ್ ಹತ್ತಿರುತ್ತೇನೆ. ನಿನ್ನೆಯೂ ಅಷ್ಟೇ. ಇಷ್ಟನ್ನೂ ಕುಟ್ಟಿ ಮುಗಿಸಿ, ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿ, “ನೋಡಿ, ನಾನು ಒಂದು ದಿನವೂ ಲಾಭಕ್ಕಾಗಿ ಧಂದಾ ಮಾಡಿದವಳಲ್ಲ” ಎಂದೆ. ಅವರು ಕನ್ನಡಕ ತೆಗೆದು ಲುಂಗಿಯ ಚುಂಗಿನಿಂದ ಒರೆಸಿಕೊಂಡು, ಅಕ್ಕಪಕ್ಕದವರಿಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲೇ ಅಂದರು:

“ಒಂದು ಮೀಟರ್ ಬಟ್ಟೆ ಕೊಟ್ಟು ಬಂದು ಅವತ್ತಿಂದ ಇವತ್ತಿನ ತನಕ ಹೊಗಳಿಕೆ ವಸೂಲಿ ಮಾಡ್ತಾ ಇದೀಯ. ಇಷ್ಟು ಬಡ್ಡಿ ಚಳ್ಳಕೆರೆ ಬಜಾರ್‌ನಾಗೆ ಯಾವ ಸಾವ್ಕಾರನೂ ತಿಂದಿಲ್ಲ. ನಮ್ಮಲ್ಲಿ ಬಡ್ಡಿ ಹರಾಮ್ ಕಣೇ, ಒಂಚೂರು ಕಮ್ಮಿ ಮಾಡು!”