ನಾನು ಕೂತರೆ ನಿಲ್ಲುವ ಕಾರು

ಕಾರು ಪೂರ್ತಿ ಕೆಟ್ಟು ಕೂತರೆ ಅದರಲ್ಲೊಂದು ನೆಮ್ಮದಿಯಿದೆ. ಎಳೆದೊಯ್ಯುವ ಗಾಡಿಯವನಿಗೆ ಫೋನು ಮಾಡಬಹುದು, ಆಫೀಸಿಗೆ ತಡವಾಗಿ ಹೋಗಬಹುದು, ನಾಲ್ಕು ಜನರ ಅನುಕಂಪವನ್ನೂ ಗಿಟ್ಟಿಸಬಹುದು. ಆದರೆ ಕೆಟ್ಟೂ ಕೆಡದ ಕಾರು ಇದೆಯಲ್ಲ, ಅದು ಮನುಷ್ಯನ ಮರ್ಯಾದೆಗೇ ಕೈಹಾಕುತ್ತದೆ. ಅದು ನಿಂತಿತು ಎಂದು ನಾವು ಹೇಳಬೇಕು, ಕೇಳುವವರು ನಂಬಬೇಕು. ಅಷ್ಟರಲ್ಲಿ ಅದು ಅವರ ಕಣ್ಣೆದುರೇ ಹೊಸ ಮದುಮಗನ ಹಾಗೆ ಓಡಾಡಿಕೊಂಡಿರುತ್ತದೆ.

ನನ್ನ ಕಾರು, ರುವೈಸ್‌ಗೆ ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬ ನನಗೆ ದಾಟಿಸಿದ್ದು. ಆಗಲೇ ಅದಕ್ಕೆ ವಯಸ್ಸಾಗಿತ್ತು. ಆದರೂ ಕೆಲವು ವರ್ಷ ಯಾವ ತಕರಾರೂ ಇಲ್ಲದೆ ಓಡಿತು. ಆಮೇಲೊಂದು ದಿನ, ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಕಟ್ಟಡದ ಹಿಂಬದಿಯಲ್ಲಿ ಪಾರ್ಕಿಂಗ್ ಹುಡುಕುತ್ತ ಸುತ್ತು ಹಾಕುತ್ತಿದ್ದಾಗ, ಎಂಜಿನ್ ಸದ್ದಿಲ್ಲದೆ ನಿಂತುಹೋಯಿತು. ಕೀ ತಿರುಗಿಸಿದೆ, ತಕ್ಷಣ ಶುರುವಾಯಿತು. ಎರಡು ದಿನ ಸುಮ್ಮನಿದ್ದು ಮತ್ತೆ ನಿಂತಿತು. ಒಮ್ಮೆ ಹಂಪ್ ದಾಟುವಾಗ, ಒಮ್ಮೆ ತಿರುವಿನಲ್ಲಿ, ಇನ್ನೊಮ್ಮೆ ಯಾವ ಕಾರಣವೂ ಇಲ್ಲದೆ.

ಕಾರಿಗೆ ರೋಗ ಬಂದಿದೆ ಎಂದು ಗೊತ್ತಾದದ್ದೇ ಆಫೀಸಿನಲ್ಲಿ ವೈದ್ಯರು ಹುಟ್ಟಿಕೊಂಡರು. ಪೆಟ್ರೋಲಿನಲ್ಲಿ ಕಸವಿದೆ ಎಂದವರೊಬ್ಬರು, ಬಿಸಿಲಿಗೆ ವೈರು ಕರಗಿದೆ ಎಂದವರೊಬ್ಬರು. ನಾನು ಮಾತ್ರ ಇಂಟರ್‌ನೆಟ್ಟಿನಲ್ಲಿ ಆಳವಾದ ಅಧ್ಯಯನ ನಡೆಸಿ ಇದು ಫ್ಯೂಯೆಲ್ ಪಂಪಿನದೇ ತೊಂದರೆ ಎಂದು ತೀರ್ಮಾನಿಸಿದೆ. ಮುಸಫ್ಫಾದಲ್ಲಿ ನಮ್ಮ ಕಡೆಯವರೇ ಆದ ಮೂಸಾಕನ ಗ್ಯಾರೇಜಿದೆ. ಅವರಿಗೂ ಅದನ್ನೇ ಹೇಳಿದೆ.

"ಎಲ್ಲ ನೀವೇ ಹೇಳಿದ್ರೆ ನಾನು ಎಂತ ನೋಡ್ಬೇಕು ಸಾರ್?" ಎಂದ ಮೂಸಾಕ ಪಂಪು ಬದಲಾಯಿಸಿದರು. ಕಾರು ಮಾರನೆಯ ದಿನವೇ ನಿಂತಿತು. ಆಮೇಲೆ ಪ್ಲಗ್ ಬದಲಾಯಿತು. ಯಾವುದೋ ಸೆನ್ಸರು ಬದಲಾಯಿತು. ಪ್ರತಿ ಸಲವೂ ಮೂಸಾಕ ಕಾರನ್ನು ಒಂದು ದಿನ ಇಟ್ಟುಕೊಂಡು, ಮುಸಫ್ಫಾದ ಹೊಂಡಗಳಲ್ಲೆಲ್ಲ ಓಡಿಸಿ, "ಮಾಫಿ ಮುಷ್ಕಿಲ್, ಒಂದು ತೊಂದ್ರೆಯೂ ಇಲ್ಲ" ಎಂದು ಮರಳಿಸುತ್ತಿದ್ದರು. ಕೊನೆಗೊಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮಗೆ ಈ ನಡುವೆ ಟೆನ್ಶನ್ ಏನಾದ್ರೂ ಉಂಟಾ?" ಎಂದು ಮೆಲ್ಲಗೆ ಕೇಳಿದರು.

ಗಾಯದ ಮೇಲೆ ಉಪ್ಪಿನಂತಿದ್ದದ್ದು ನನ್ನ ಹೆಂಡತಿ ಶೈಲಾಳ ಅನುಭವ. ಬನಿಯಾಸ್ ಕಡೆಯ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡುವ ಅವಳು ವಾರದಲ್ಲಿ ಮೂರು ದಿನ ಇದೇ ಕಾರನ್ನು ಒಯ್ಯುತ್ತಾಳೆ. ಅವಳ ಕೈಯಲ್ಲಿ ಕಾರು ಒಮ್ಮೆಯೂ ನಿಂತದ್ದಿಲ್ಲ.

"ನಿಂತಿರ್ತದೆ, ನಿನ್ನ ಗಮನಕ್ಕೆ ಬಂದಿರ್ಲಿಕ್ಕಿಲ್ಲ" ಎಂದೆ.

"ಎಂಜಿನ್ ನಿಂತದ್ದು ಗೊತ್ತಾಗ್ಲಿಕ್ಕೆ ಬೇರೆ ಡಿಗ್ರಿ ಮಾಡ್ಬೇಕಾ? ನಿಮ್ಮ ಓಡಿಸುವ ಕ್ರಮವೇ ಸರಿಯಿಲ್ಲ."

ಮಗಳು ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ಇಟ್ ಓನ್ಲಿ ಹೇಟ್ಸ್ ಯು" ಎಂದಳು.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ಆದರೆ ದುಬೈಯಲ್ಲಿ ನಮ್ಮ ಊರವರ ಸಂಘದ ವಾರ್ಷಿಕೋತ್ಸವ ಬಂತು. ನಾನು ಅದರ ಕಾರ್ಯದರ್ಶಿ. ಮುಖ್ಯ ಅತಿಥಿಗಳಾದ ಉದ್ಯಮಿ ಅಬುಧಾಬಿಯ ಹೋಟೆಲಿನಲ್ಲಿ ಇಳಿದಿದ್ದರು. ಅವರನ್ನು ಕರೆತರುವ ಗೌರವವನ್ನು ಬೇರೆಯವರು ಬಾಯಿ ಬಿಡುವ ಮೊದಲೇ ನಾನು ವಹಿಸಿಕೊಂಡೆ. ದಾರಿಯುದ್ದಕ್ಕೂ ಸಂಘದ ಸಾಧನೆಗಳನ್ನು ಹೇಳುತ್ತ ಹೋದೆ. ಅವುಗಳಲ್ಲಿ ಬಹುಪಾಲು ನನ್ನವೇ ಆಗಿದ್ದವು. ಊರು ದಾಟುವ ಸೇತುವೆಯ ಮೇಲೆ, ಕಾಂಕ್ರೀಟಿನ ಜೋಡಣೆಯೊಂದರ ಮೇಲೆ ಚಕ್ರ ದಡಕ್ಕೆಂದದ್ದೇ ಎಂಜಿನ್ ಖಲಾಸ್. ಸ್ಟೀರಿಂಗು ಕಲ್ಲಾಯಿತು. ಹಿಂದಿನಿಂದ ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆಯುತ್ತ ಬಂದು, ನಮ್ಮ ಕನ್ನಡಿಯನ್ನು ಸವರಿದಂತೆ ದಾಟಿಹೋಯಿತು. ಎರಡೂ ಕೈಯಲ್ಲಿ ಸ್ಟೀರಿಂಗ್ ಜಗ್ಗಿ, ಹೇಗೋ ಬದಿಗೆ ತಂದು ನಿಲ್ಲಿಸಿದೆ. ಕೀ ತಿರುಗಿಸಿದರೆ ಕಾರು ಏನೂ ಆಗಿಲ್ಲವೆಂಬಂತೆ ಗುರುಗುಟ್ಟಿತು.

ಸೇತುವೆ ದಾಟಿ ಸಿಕ್ಕಿದ ಮೊದಲ ಪೆಟ್ರೋಲ್ ಪಂಪಿನಲ್ಲಿ ಅತಿಥಿಗಳು ಇಳಿದರು. "ನಾನು ಟ್ಯಾಕ್ಸಿಯಲ್ಲಿ ಬರ್ತೇನೆ. ನೀವು ಮುಂದಿನಿಂದ ಹೋಗಿ, ದಾರಿ ತೋರಿಸಿ" ಎಂದರು. ನಾನು ದಾರಿ ತೋರಿಸಲು ಹೊರಟೆ. ಟ್ಯಾಕ್ಸಿ ನನ್ನನ್ನು ಹಿಂದೆ ಹಾಕಿ ಹೋಯಿತು, ನಾನು ಸಭಾಂಗಣ ತಲುಪುವಾಗ ದೀಪ ಬೆಳಗಿಸಿ ಆಗಿತ್ತು.

ಈ ಸುದ್ದಿ ಕೇಳಿದ ಶೈಲಾ ನಗಲಿಲ್ಲ. "ಇನ್ನು ಮಗಳನ್ನು ಕೂರಿಸಿಕೊಂಡು ನೀವು ಗಾಡಿ ತೆಗೀಬೇಡಿ. ಅವಳನ್ನು ನಾನೇ ಬಿಡ್ತೇನೆ" ಎಂದಳು. ಸ್ವಂತ ಕಾರಿನಲ್ಲಿ ಸ್ವಂತ ಮಗಳನ್ನು ಟ್ಯೂಷನ್ನಿಗೆ ಬಿಡುವ ಅರ್ಹತೆ ಕಳೆದುಕೊಂಡ ಅಪ್ಪನ ಸಂಕಟ ಹೇಳಿದರೆ ಅರ್ಥವಾಗದು. ನನ್ನ ಚಾಲನೆಯಲ್ಲಿ ದೋಷವಿಲ್ಲ ಎಂದು ರುಜುವಾತು ಮಾಡಲು ಶನಿವಾರ ಬೆಳಿಗ್ಗೆ ಶೈಲಾಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಕಟ್ಟಡದ ಹಿಂದಿನ ಮೊದಲ ಹಂಪಿನ ಮೇಲೆಯೇ ಕಾರು ನಿಂತಿತು. ಅಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ.

"ನೋಡಿದೆಯಾ? ನಾನು ಎಂತ ಮಾಡಿದೆ ಹೇಳು."

ಶೈಲಾ ನನ್ನ ಕೈಕಾಲು ನೋಡುತ್ತಿರಲಿಲ್ಲ. ಸ್ಟೀರಿಂಗಿನ ಪಕ್ಕ ಇನ್ನೂ ತೂಗಾಡುತ್ತಿದ್ದ ನನ್ನ ಕೀಗೊಂಚಲನ್ನು ನೋಡುತ್ತಿದ್ದಳು. ಕೈ ಚಾಚಿ ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದು, "ಈಗ ಹೋಗಿ" ಎಂದಳು. ಹೋದೆ. ಹಂಪು ದಾಟಿತು. ಸುತ್ತು ಹಾಕಿ ಬಂದು ಮತ್ತೆ ದಾಟಿಸಿದೆ, ಕಾರು ನಿಲ್ಲಲಿಲ್ಲ. ಮೂರನೆಯ ಸಲ ದಾಟುವಾಗ ಅವಳು ಗೊಂಚಲು ಬಿಟ್ಟಳು. ನಿಂತಿತು.

ಗೊಂಚಲಿನ ಬಗ್ಗೆ ಎರಡು ಮಾತು ಹೇಳಬೇಕು. ಅದರಲ್ಲಿ ಮನೆಯದು, ಆಫೀಸಿನ ಕಪಾಟಿನದು, ದುಬೈಯ ಸತ್ವಾದಲ್ಲಿರುವ ಸಂಘದ ಸಾಮಾನಿನ ಕೋಣೆಯದು, ಅಲ್ಲಿನ ವೇಷಭೂಷಣದ ಟ್ರಂಕುಗಳದು, ಧ್ವನಿವರ್ಧಕದ ಪೆಟ್ಟಿಗೆಯದು, ಜೊತೆಗೆ ಸಂಘದ ಲಾಂಛನವಿರುವ ಹಿತ್ತಾಳೆಯ ಬಿಲ್ಲೆ, ಎಲ್ಲ ಇದ್ದವು. ಅದನ್ನು ಮೇಜಿನ ಮೇಲಿಟ್ಟಾಗ ಬರುವ ಸದ್ದಿಗೆ ಸಭೆ ತಾನಾಗಿ ಶುರುವಾಗುತ್ತದೆ ಎಂದು ನಾನು ನಂಬಿದ್ದೆ. ಈ ಭಾರ ಜಗ್ಗಿ ಜಗ್ಗಿ ಕೀ ಹಾಕುವ ಸ್ವಿಚ್ಚು ಸವೆದಿತ್ತು. ಗಾಡಿ ಕುಲುಕಿದರೆ ಸಾಕು, ಗೊಂಚಲು ತಾನೇ ಎಂಜಿನ್ ಆರಿಸುತ್ತಿತ್ತು. ಶೈಲಾಳದು ಒಂಟಿ ಕೀ. ಮೂಸಾಕನೋ, ಕಳೆದುಹೋದರೆ ರಗಳೆ ಬೇಡವೆಂದು ಕಾರಿನ ಕೀಯನ್ನಷ್ಟೇ ಬಿಡಿಸಿಕೊಂಡು ಉಳಿದದ್ದನ್ನು ನನಗೇ ಕೊಡುತ್ತಿದ್ದರು. ಅಂದರೆ ರೋಗವನ್ನು ಕಿಸೆಯಲ್ಲಿಟ್ಟುಕೊಂಡು ನಾನು ಟ್ಯಾಕ್ಸಿಯಲ್ಲಿ ಮನೆಗೆ ಬರುತ್ತಿದ್ದೆ, ಕಾರು ಅಲ್ಲಿ ಆರೋಗ್ಯವಾಗಿರುತ್ತಿತ್ತು.

ಮೂಸಾಕ ಸ್ವಿಚ್ಚು ಬದಲಾಯಿಸಿದರು. "ಪಂಪು ಹೇಗೂ ಹಳತಾಗಿತ್ತು ಬಿಡಿ" ಎಂದು ಇಬ್ಬರ ಮಾನವನ್ನೂ ಉಳಿಸಿದರು. ಭಾರ ಇಳಿಸಲೇಬೇಕೆಂದು ಶೈಲಾ ಕಟ್ಟಪ್ಪಣೆ ಮಾಡಿದಳು. ನಾನೂ ಒಂದು ತ್ಯಾಗಕ್ಕೆ ಸಿದ್ಧನಾದೆ. ಸಂಘದ ಕೀಗಳನ್ನು ಜಂಟಿ ಕಾರ್ಯದರ್ಶಿ ಸುಕೇಶನಿಗೆ ಒಪ್ಪಿಸುವುದು, ಅವನು ಬೇಡವೆನ್ನುವುದು, ನಾನು ಒತ್ತಾಯಿಸುವುದು. ಎರಡು ಒಳ್ಳೆಯ ಮಾತನ್ನು ಕೂಡ ಯೋಚಿಸಿಕೊಂಡು ಸತ್ವಾದ ಆ ಕೋಣೆಗೇ ಹೋದೆ.

ಸುಕೇಶ ಕೀಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಅಣ್ಣಾ, ಇದು ಎಲ್ಲಿಯದ್ದು?"

"ಈ ಕೋಣೆಯದ್ದೇ ಮಾರಾಯ."

"ಓ, ಹಳೆ ಬೀಗದ್ದಾ? ಅದು ತೆಗೆದು ನಂಬರ್ ಲಾಕ್ ಹಾಕಿ ಎಷ್ಟೋ ಸಮಯ ಆಯ್ತಲ್ಲ. ಟ್ರಂಕಿಗಂತೂ ಬೀಗವೇ ಇಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ನಾನು ದೊಡ್ಡತನದಿಂದ ನಕ್ಕು, "ಹೌದೌದು, ನೆನಪಾಯ್ತು. ಆ ನಂಬರ್ ಎಂತದು?" ಎಂದೆ.

ಸುಕೇಶ ಆಚೀಚೆ ನೋಡಿ ತಲೆ ಕೆರೆದುಕೊಂಡ. "ಅದು... ಅಧ್ಯಕ್ಷರ ಹತ್ರ ಒಂದು ಮಾತು ಕೇಳಿ ಹೇಳ್ತೇನೆ, ಆಗ್ದಾ ಅಣ್ಣಾ?"

ಅಬುಧಾಬಿಗೆ ವಾಪಸು ಹೊರಟೆ. ದಾರಿಯಲ್ಲಿ ಕಾರು ಒಮ್ಮೆಯಾದರೂ ನಿಲ್ಲಬಾರದೇ, ಬದಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಲಿಕ್ಕೆ ಒಂದು ನೆಪವಾದರೂ ಆಗುತ್ತಿತ್ತು ಅನ್ನಿಸಿತು. ಅದು ಎಲ್ಲಿಯೂ ನಿಲ್ಲದೆ, ಒಮ್ಮೆಯೂ ಮುಗ್ಗರಿಸದೆ, ನನ್ನನ್ನು ನೇರ ಮನೆಗೇ ತಂದು ಬಿಟ್ಟಿತು.