ರೇವಣ್ಣನ ಹಲ್ಲಿನಲ್ಲಿ ಹೊಳೆದದ್ದು

ತೋಟದ ಲೆಕ್ಕ ಬರೆಯುವ ರೈಟರ್ ರೇವಣ್ಣ ಮಾಡಿದ ತಪ್ಪು ಒಂದೇ: ತನ್ನ ಹಲ್ಲಿನ ಎಕ್ಸ್‌ರೇ ಫಿಲ್ಮನ್ನು ಜೇಬಿನಲ್ಲಿಟ್ಟುಕೊಂಡು ತೋಟಕ್ಕೆ ಬಂದದ್ದು. ಹಿಂದಿನ ದಿನ ಚಿಕ್ಕಮಗಳೂರಿನ ಹಲ್ಲಿನ ಡಾಕ್ಟರು ಎರಡು ಹುಳುಕು ತುಂಬಿ, ಹೊಸ ಯಂತ್ರದಲ್ಲಿ ಪಟ ತೆಗೆದು ಕೈಗೆ ಕೊಟ್ಟಿದ್ದರು.

ಜಾವಳಿ ತೋಟದ ಕಾಫಿ ಕಣದಲ್ಲಿ ಕೆಲಸ ನಿಂತೇಹೋಯಿತು.

"ಅಯ್ಯೋ ಶಿವನೇ! ಉಸಿರಾಡೋ ಮನುಷ್ಯನ ಮೂಳೆ!" ಕಣದ ಜವರಮ್ಮ ಕೈಮುಗಿದಳು.

ಮೇಸ್ತ್ರಿ ನಿಂಗಯ್ಯ ಫಿಲ್ಮನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿದ. "ರೈಟ್ರೇ, ಈ ಹಲ್ಲೊಳಗೆ ಬೆಳ್ಳಿಚುಕ್ಕಿ ಹಾಗೆ ಹೊಳೀತದಲ್ಲ, ಏನದು?"

"ಸಿಮೆಂಟು ಮಾರಾಯ. ಪಕ್ಕದ ಕೋರೆಹಲ್ಲಿಗೂ ತುಂಬ್ಸಿದೀನಿ."

"ಅಲ್ಲಿ ಬರೀ ಕಪ್ಪು ತೂತು! ಅಲ್ಲಿ ಕಾಣದ ಸಿಮೆಂಟು ಇಲ್ಲಿ ಮಾತ್ರ ಕಾಣೋದು ಹ್ಯಾಗೆ?"

ರೇವಣ್ಣ ಗೊತ್ತಿಲ್ಲವೆಂದ. ಅಲ್ಲಿಗೆ ಕೆಟ್ಟ. ಧಣಿ ದೇವರಾಜಗೌಡರ ಹೆಂಡತಿ ತುಂಗಮ್ಮನವರ ವಜ್ರದ ಓಲೆಯ ಕಲ್ಲೊಂದು ವಾರದಿಂದ ಕಾಣೆಯಾಗಿತ್ತು.

"ಕಲ್ಲು ಕಳೆದ ದಿನ ಇವ್ರು ಧಣಿಗಳ ಮನೆ ಜಗಲಿಗೆ ಬಂದಿದ್ರು," ಎಂದಳು ಅಡುಗೆಯ ಭಾಗಮ್ಮ. "ಕೆನ್ನೆ ಊದಿದ್ದೂ ಆವತ್ತಿಂದ್ಲೇ!"

ಹಲ್ಲಿನಲ್ಲಿ ಹೊಳೆಯುವುದು ಏನೆಂದು ಡಾಕ್ಟರನ್ನೇ ಕೇಳಲು ಮಧ್ಯಾಹ್ನವೇ ಗೌಡರ ಕಾರು ಚಿಕ್ಕಮಗಳೂರಿಗೆ ಹೊರಟಿತು. ಹಿಂದಿನ ಸೀಟಿನಲ್ಲಿ ತುಂಗಮ್ಮ ಕೂತಿದ್ದರು. ಗೌಡರ ಪಕ್ಕ ರೇವಣ್ಣ ಸಂತೆಗೆ ಹೊರಟ ಹುಂಜದಂತೆ ಮುದುಡಿದ್ದ. ಹಲ್ಲು ಹೋದರೆ ಹೋಗಲಿ, ಇಪ್ಪತ್ತು ವರ್ಷದ ನೌಕರಿ ಉಳಿಯಬೇಕಿತ್ತು.

ಇಂಥ ಪ್ರಶ್ನೆ ಕೇಳುವವರು ಸಿಕ್ಕಿದ್ದಕ್ಕೆ ಡಾಕ್ಟರಿಗೆ ಖುಷಿಯೋ ಖುಷಿ. "ಎರಡೂ ಸಿಮೆಂಟೇ ಕಣ್ರೀ. ಇದರಲ್ಲಿ ಸತುವಿದೆ, ಕಿರಣವನ್ನ ತಡೀತದೆ, ಬೆಳ್ಳಗೆ ಕಾಣ್ತದೆ. ಕೋರೆಹಲ್ಲಿಗೆ ತುಂಬಿದ್ದು ಹಲ್ಲಿನ ಬಣ್ಣದ ಬೇರೆ ಜಾತಿ. ಸತುವಿಲ್ಲ. ಕಿರಣ ದಾಟಿಹೋಗ್ತದೆ, ತೂತಿನ ಹಾಗೆ ಕಪ್ಪು. ವಜ್ರ ಇಟ್ಟಿದ್ರೂ ಹೀಗೆ ಹೊಳೀತಿರ್ಲಿಲ್ಲ. ವಜ್ರ ಅಂದ್ರೆ ಇದ್ದಿಲಿನ ತಮ್ಮ!"

"ಇದ್ದಿಲಾ!" ತುಂಗಮ್ಮ ಎದೆ ಮುಟ್ಟಿಕೊಂಡರು. ಅವರ ಕಣ್ಣು ತುಂಬ ಬೆರಗು. "ಕಣ್ಣಾರೆ ತೋರಿಸ್ತೀರಾ?" ಎಂದು ಉಳಿದಿದ್ದ ಇನ್ನೊಂದು ಓಲೆ ಬಿಚ್ಚಿದರು.

"ಬೇಡ ಬಿಡೇ, ಡಾಕ್ಟರ ಮಾತು ನಂಬೋಣ," ಎಂದರು ಗೌಡರು ತಟ್ಟನೆ.

"ನೋಡೇ ಬಿಡ್ಲಿ ಅಮ್ಮಾವ್ರು!" ರೇವಣ್ಣನಿಗೆ ಆಗ ಮಾತು ಬಂತು.

ಡಾಕ್ಟರು ಚಿಮುಟದಿಂದ ಕಲ್ಲನ್ನು ಚಿನ್ನದಿಂದ ಬಿಡಿಸಿ, ಪಕ್ಕದಲ್ಲಿ ಒಂದು ಚೂರು ಇದ್ದಿಲು, ಒಂದು ಚೂರು ಸತುವಿನ ಸಿಮೆಂಟು ಇಟ್ಟು ಪಟ ತೆಗೆದರು. ಕತ್ತಲೆಕೋಣೆಯಿಂದ ನೀರು ತೊಟ್ಟಿಕ್ಕುವ ಫಿಲ್ಮು ತಂದಾಗ ಎಲ್ಲರೂ ಅದರ ಮೇಲೆ ಬಗ್ಗಿದರು.

ಇದ್ದಿಲು ಕಂಡೂ ಕಾಣದಂತಿತ್ತು. ಸಿಮೆಂಟು ಬೆಳ್ಳಗಿತ್ತು. ಕಲ್ಲು ಹುಣ್ಣಿಮೆಯ ಚಂದ್ರನ ಹಾಗೆ ಬೆಳಗುತ್ತಿತ್ತು.

"ಆಹಾ!" ಡಾಕ್ಟರು ಮೈಮರೆತಿದ್ದರು. "ಸೀಸ ಎಷ್ಟಿದೆ ನೋಡಿ! ಅಪ್ಪಟ ಗಾಜು!"

ತುಂಗಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಮದುವೆಯಲ್ಲಿ ಓಲೆ ಮಾಡಿಸಿ ತಂದವರು ಅವರೇ.

"ಮನೆಗೆ ನಡೀರಿ," ಎಂದರು. ಅಷ್ಟೇ.

ಗೌಡರು ರೇವಣ್ಣನ ರಟ್ಟೆ ಹಿಡಿದು ಮೂಲೆಗೆ ಎಳೆದರು.

"ಕದ್ದೆ ಅಂತ ಒಪ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ನಾನೇ ಕ್ಷಮಿಸಿ ಕೆಲ್ಸದಲ್ಲಿ ಇಟ್ಕೋತಿದ್ನಲ್ಲೋ! ಇನ್ನು ತೋಟದ ಕಡೆ ತಲೆ ಹಾಕ್ಬೇಡ."